ಎಡಗೈ ಗ್ಲೌಸಿನೊಳಗಿನ ಮಣ್ಣು

ಮೊನ್ನೆ ನಮ್ಮ ಅಡುಗೆಮನೆಯಲ್ಲಿ ಗ್ಲೌಸಿನ ಹೊಟ್ಟೆ ಒಡೆಯಿತು.

ಕೈಗವಸು ಎಂದು ಬರೆಯಬಹುದಿತ್ತು. ಆದರೆ ಕೈಗವಸು ಎಂದರೆ ನೀವು ಚಳಿಗೆ ಹಾಕಿಕೊಳ್ಳುವ ಉಣ್ಣೆಯದನ್ನು ನೆನೆಯುತ್ತೀರಿ. ಇದು ಕಂದು ಚರ್ಮದ, ಎಳೆ ಹಲಸಿನಷ್ಟು ಗಾತ್ರದ, ಬಾಕ್ಸಿಂಗಿನ ಗ್ಲೌಸು. ಅದೂ ಒಂದೇ, ಎಡಗೈಯದು. ಮೂವತ್ತು ವರ್ಷಗಳಿಂದ ನಮ್ಮ ಮನೆಯಲ್ಲಿ ಅದರ ಉದ್ಯೋಗ ಒಲೆಯ ಮೇಲಿನ ಅನ್ನದ ಪಾತ್ರೆ ಇಳಿಸುವುದು. ಮದುವೆಯಾಗಿ ಬಂದ ವಾರದಲ್ಲೇ ನನ್ನ ಹೆಂಡತಿ ದೇವಕಿ ಗೋಡೆಯ ಮೊಳೆಯಲ್ಲಿ ತೂಗುತ್ತಿದ್ದ ಅದನ್ನು ಕಂಡು, ಒಣಗಲು ಇಟ್ಟ ಯಾವುದೋ ಕಾಯಿ ಎಂದು ತಿಳಿದು ಮೂಸಿ ನೋಡಿದ್ದಳು. ಕಾಯಿಯಲ್ಲವೆಂದು ಗೊತ್ತಾದ ಮೇಲೆ ಅದಕ್ಕೆ ಈ ಕೆಲಸ ಕೊಟ್ಟಳು. ನಾನು ಸುಮ್ಮನಿದ್ದೆ. ಮದುವೆಯ ಮೊದಲ ವಾರದಲ್ಲಿ ಹೆಂಡತಿಯೊಡನೆ ಚೌಕಾಸಿಗೆ ಇಳಿಯಬಾರದು. ಇದು ನಿಮಗೆ ನನ್ನ ಮೊದಲ ಬುದ್ಧಿಮಾತು. ಇನ್ನೂ ಬರುತ್ತವೆ, ತಾಳ್ಮೆಯಿರಲಿ.

ಮೊನ್ನೆ ಗ್ಲೌಸಿನ ಹೆಬ್ಬೆರಳ ಹೊಲಿಗೆ ಬಿಟ್ಟಿತು. ಕುದುರೆಕೂದಲಿನ ಒಂದು ಗೊಂಚಲು ಹೊರಬಂತು. ಅದರ ಹಿಂದೆಯೇ ಒಂದಿಷ್ಟು ಕೆಂಪು ಮಣ್ಣು ಉದುರಿ ಗಂಜಿಯ ಮೇಲೂ ಒಲೆಯ ಬದಿಗೂ ಬಿತ್ತು. ದೇವಕಿ ಸುಳ್ಯದ ಗಡಿಯ ಅರೆಭಾಷೆ ಗೌಡರ ಮನೆಯವಳು. ಸಮಾಧಾನದಲ್ಲಿದ್ದಾಗ ನನ್ನ ಹಾಗೆ ಮಾತಾಡುತ್ತಾಳೆ. ಸಿಟ್ಟು ಬಂದರೆ ತವರಿನ ಮಾತಿಗೆ ಹೋಗಿಬಿಡುತ್ತಾಳೆ.

"ನೋಡಿ, ಇದರ ಹೊಟ್ಟೆ ಒಡ್ದ್ ಹೋತ್. ಒಳಗೆ ಕೂದಲೂ ಉಟ್ಟು, ಮಣ್ಣೂ ಉಟ್ಟು. ಕೂದಲು ಸರಿ. ಈ ಮಣ್ಣು ಎಲ್ಲಿಂದ ಬಾತ್?"

"ಎಸೀಬೇಡ ಅದನ್ನ."

"ಎಸಿಯದೆ ಪೂಜೆ ಮಾಡೊಕಾ?"

ಅಂಗಡಿಗೆ ಹೋಗುವುದನ್ನು ಬಿಟ್ಟು ಗ್ಲೌಸನ್ನೂ ಗೋಣಿ ಹೊಲಿಯುವ ದಬ್ಬಳವನ್ನೂ ಹಿಡಿದು ಜಗಲಿಯಲ್ಲಿ ಕುಳಿತೆ. ಹೊಲಿಯುವ ಮೊದಲು ಮೂಸಿದೆ. ಚರ್ಮದ ವಾಸನೆ ಹೋಗಿ ಬಹಳ ಕಾಲವಾಗಿದೆ. ಹೊಗೆ, ಅನ್ನ, ಸಾರಿನ ವಾಸನೆ. ಹೊಲಿಗೆಯೊಳಗೆ ಬೆರಳು ತೂರಿಸಿದಾಗ ಮಾತ್ರ ಹಳೆಯ ಎಣ್ಣೆಯ, ಅರಿಶಿನದ, ಹುಳಿ ಮಜ್ಜಿಗೆಯ ವಾಸನೆಯೊಂದು ಬಂದಂತಾಯಿತು. ಬಂದಿರಲಾರದು, ನನಗೆ ಹಾಗನ್ನಿಸಿರಬೇಕು.

ಮೂರ್ನಾಡಿನಲ್ಲಿ ನನ್ನ ಅಂಗಡಿಗೆ ಬರುವವರು ನನ್ನ ಮುಖ ನೋಡಿ ಒಂದು ಪ್ರಶ್ನೆಯನ್ನು ನುಂಗಿಕೊಳ್ಳುತ್ತಾರೆ. ಸಲಿಗೆಯಿರುವವರು ನುಂಗುವುದಿಲ್ಲ. ನನ್ನ ಬಲಗಿವಿ ಮಡಿಸಿಟ್ಟ ಚಕ್ಕುಲಿಯ ಹಾಗಿದೆ. ಮೂಗು ವಿರಾಜಪೇಟೆಯ ಕಡೆಗೆ ತಿರುಗಿದೆ. "ಪುಟ್ಟಸ್ವಾಮಿಗಳೇ, ಎರಡೂ ಒಂದೇ ಸಲ ಆದದ್ದಾ?" ಎಂದು ಕ್ಷೌರದವನು ಕೇಳುತ್ತಾನೆ. ಅಲ್ಲ. ಕಿವಿ ಕುಸ್ತಿಯದು, ಮೂಗು ಬಾಕ್ಸಿಂಗಿನದು. ಈ ಕಿವಿಗೂ ಮೂಗಿಗೂ ನಡುವೆ ನಾಲ್ಕು ಬೆರಳು ಅಂತರ. ಅದನ್ನು ದಾಟಲು ನನಗೆ ಎರಡು ವರ್ಷ ಹಿಡಿಯಿತು. ದಾಟಿದ್ದು ತಪ್ಪು ಎಂದು ಇವತ್ತಿಗೂ ಹೇಳುವವರು ಕುಶಾಲನಗರದಲ್ಲಿ ಇದ್ದಾರೆ. ಹೇಳಲಿ.

ಕೊಡಗು ಆಗ ತನ್ನದೇ ಒಂದು ರಾಜ್ಯ. ಮಡಿಕೇರಿಯಲ್ಲೇ ಮಂತ್ರಿಗಳು, ಮಡಿಕೇರಿಯಲ್ಲೇ ಶಾಸನಸಭೆ. ನಾವು ಹಾಸನ ಜಿಲ್ಲೆಯ ಅರಕಲಗೂಡಿನ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಹಾರಂಗಿಯ ದಂಡೆಯಲ್ಲಿ ಬೇಸಾಯ ಹೂಡಿದ್ದ ಜನ. ಹಾರಂಗಿಗೆ ಆಗ ಅಣೆಕಟ್ಟೆ ಇರಲಿಲ್ಲ. ಬೇಸಗೆಯಲ್ಲಿ ಬಂಡೆಸಂದಿಗೆ ಕೈಹಾಕಿ ಮೀನು ಹಿಡಿಯಬಹುದಿತ್ತು. ಜಾರುವುದನ್ನು ಹಿಡಿಯುವ ವಿದ್ಯೆ ನನಗೆ ಬಂದದ್ದು ಅಲ್ಲಿಂದಲೇ. ಕಾವೇರಿಯ ಸೇತುವೆ ದಾಟಿದರೆ ಮೈಸೂರು ರಾಜ್ಯ. ನಾಲ್ಕನೇ ತರಗತಿಗೆ ಶಾಲೆ ಬಿಟ್ಟ ನಾನು, ಮೀಸೆ ಬರುವ ಹೊತ್ತಿಗೆ ಬೆಳಿಗ್ಗೆ ಒಂದು ರಾಜ್ಯದಲ್ಲಿ ಎತ್ತು ಕೊಂಡು ಮಧ್ಯಾಹ್ನ ಇನ್ನೊಂದು ರಾಜ್ಯದಲ್ಲಿ ಮಾರುತ್ತಿದ್ದೆ. ಕಲಿಸಿದವರಿಲ್ಲ, ಕೊಟ್ಟವರಿಲ್ಲ. ಅಂತರರಾಜ್ಯ ವ್ಯಾಪಾರಿ ಎಂದು ಹೇಳಿಕೊಂಡು ತಿರುಗಲು ಅಷ್ಟು ಸಾಕಾಗಿತ್ತು.

ಎತ್ತಿನ ವ್ಯಾಪಾರ ನೋಡಿದ್ದೀರೋ ಇಲ್ಲವೋ. ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಇಬ್ಬರ ಕೈಗಳ ಮೇಲೆ ಒಂದು ಟವಲು ಬೀಳುತ್ತದೆ; ಕೆಳಗೆ ಬೆರಳು ಬೆರಳನ್ನು ಹಿಡಿದು ಮಾತಾಡುತ್ತದೆ. ಸುತ್ತ ನಿಂತವರಿಗೆ ಕಾಣುವುದು ಎರಡು ಸಪ್ಪೆ ಮುಖಗಳು ಮಾತ್ರ. ಎದುರಾಳಿಯ ಬೆರಳು ಬೆವೆತರೆ ಅವನಿಗೆ ಎತ್ತು ಬೇಕು ಎಂದು ತಿಳಿಯಬೇಕು. ಹಿಡಿತ ಸಡಿಲಿಸಿದರೆ ನಾಟಕ. ಗಟ್ಟಿಯಾಗಿ ಹಿಡಿದರೆ ಅದೂ ನಾಟಕ. ಸುಮ್ಮನೆ ಹಿಡಿದುಕೊಂಡವನೇ ಅಪಾಯದವನು. ಕುಸ್ತಿಯೂ ಇದೇ, ಟವಲು ಇಲ್ಲ ಅಷ್ಟೇ. ಹೀಗಾಗಿ ನಾನು ಹದಿನೆಂಟಕ್ಕೆ ಗರಡಿ ಸೇರಿದ್ದರಲ್ಲಿ ಆಶ್ಚರ್ಯವಿಲ್ಲ.

ಗರಡಿಯ ಯಜಮಾನರು ಉಸ್ತಾದ್ ಮರಿಯಪ್ಪ. ಮೈಸೂರಿನ ಕಡೆಯವರು, ಸೇತುವೆ ದಾಟಿ ಬಂದು ನಮ್ಮ ಊರಿನ ಹಿಂದುಗಡೆ ಗರಡಿ ಕಟ್ಟಿದ್ದರು. ಮೊಣಕಾಲೆತ್ತರಕ್ಕಿಂತ ಸ್ವಲ್ಪ ಮೇಲಕ್ಕೆ ಬರುವ ಬಾಗಿಲು. ಎಂಥ ಸಾಹುಕಾರನಾದರೂ ನಾಲ್ಕು ಕಾಲಿನಲ್ಲಿ ನಡೆಯುವವನಂತೆ ಬಾಗಿಯೇ ಒಳಗೆ ಬರಬೇಕು. ಒಳಗೆ ಜರಡಿ ಹಿಡಿದ ಕೆಂಪು ಮಣ್ಣು. ಅದಕ್ಕೆ ಎಳ್ಳೆಣ್ಣೆ, ಅರಿಶಿನ, ಮಜ್ಜಿಗೆ. ಬಾಗಿ ಬಂದವನು ಏಳುವ ಮೊದಲು ಬಲಗೈಯಿಂದ ಮಣ್ಣು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಬೇಕು. ಒಂದು ಶನಿವಾರ ಹನುಮಂತನ ಪಟದ ಮುಂದೆ ಉಸ್ತಾದರು ನನಗೆ ತಮ್ಮ ಕೈಯಿಂದ ಕೆಂಪು ಲಂಗೋಟಿ ಕೊಟ್ಟರು.

"ಈ ಲಂಗೋಟಿ ಕಟ್ದೋನು ಬೀದೀಲಿ ಮುಷ್ಟಿ ಬಿಗಿಯಂಗಿಲ್ಲ ಕಣ್ಲಾ. ನಮ್ದು ಬಿಚ್ಚಿದ ಕೈ. ಹಿಡೀತೀವಿ, ಹೊಡೆಯಲ್ಲ. ಹೊಡೆಯೋನು ಪುಂಡ, ಹಿಡಿಯೋನು ಪೈಲ್ವಾನ. ತಿಳೀತಾ?"

ತಿಳಿಯಿತು ಎಂದೆ. ಮನಸಾರೆಯೇ ಹೇಳಿದೆ.

ನಾಲ್ಕು ವರ್ಷ. ಆ ನಾಲ್ಕು ವರ್ಷ ನಾನು ಮಾಡಿದ್ದೇನೆಂದರೆ ಉಸ್ತಾದರ ಅಕ್ಕನ ಮಗ ಭೈರನ ಕೆಳಗೆ ಬಿದ್ದುಕೊಂಡಿದ್ದು. ಭೈರ ಅಂದರೆ ಎರಡು ಮೂಟೆ ಕಾಫಿಯ ಮನುಷ್ಯ. ನಾನು, ಹೆಸರೇ ಹೇಳುವ ಹಾಗೆ, ಪುಟ್ಟ. ದೊಡ್ಡ ಜಟ್ಟಿ ತಯಾರಾಗಲು ಅವನ ಕೈಗೆ ಬೆಳಿಗ್ಗೆ ಒಂದು ಮೈ ಬೇಕು: ಉರುಳಿಸಲು, ಒತ್ತಲು, ಪಟ್ಟು ಹಾಕಿ ನೋಡಲು. ಅದಕ್ಕೆ ಜೋರು ಕೊಡುವುದು ಎನ್ನುತ್ತಾರೆ. ನಾನು ಜೋರು ಕೊಟ್ಟೆ. ಕಿವಿ ಕೊಟ್ಟೆ. ಬಾಯಿ ತುಂಬ, ಮೂಗು ತುಂಬ ಮಣ್ಣು. ಮನೆಗೆ ಹೋಗಿ ಅವ್ವನ ರಾಗಿಮುದ್ದೆ ತಿಂದರೂ ಅದೇ ರುಚಿ. ಜಾರುವುದರಲ್ಲಿ, ತಿರುಗುವುದರಲ್ಲಿ ನಾನು ಭೈರನಿಗಿಂತ ಚುರುಕು ಎಂದು ಉಸ್ತಾದರೇ ಹೇಳುತ್ತಿದ್ದರು. ಆದರೆ ಜೋಡಿ ಕಟ್ಟುವ ದಿನ ಬಂದಾಗ, "ನಿನ್ನ ತೂಕಕ್ಕೆ ಯಾರ್ಲಾ ಸಿಗ್ತಾರೆ, ಮುಂದಿನ ವರ್ಷ ನೋಡಾನ" ಎನ್ನುತ್ತಿದ್ದರು. ಮೂರು ಸಲ ಮುಂದಿನ ವರ್ಷ ಬಂತು. ನಾಲ್ಕನೆಯ ಸಲ ಭೈರ ಪಂದ್ಯ ಗೆದ್ದು ಊರೆಲ್ಲ ಮೆರವಣಿಗೆ ಹೋದಾಗ ಅವನ ಅಂಗಿ ಹೊತ್ತು ಹಿಂದೆ ನಡೆದವನು ನಾನು.

ಇಲ್ಲಿ ನಿಮಗೊಂದು ಮಾತು ಹೇಳುತ್ತೇನೆ, ವ್ಯಾಪಾರಕ್ಕೂ ಆಗುತ್ತದೆ. ಮುಂದಿನ ವರ್ಷ ಎಂದು ಎರಡನೆಯ ಸಲ ಹೇಳಿದವರ ಮುಂದೆ ಮೂರನೆಯ ಸಲ ಕೈಚಾಚಬೇಡಿ. ನನಗೆ ಇದು ತಿಳಿಯಲು ನಾಲ್ಕು ವರ್ಷ ಬೇಕಾಯಿತು. ನಿಮಗೆ ಪುಕ್ಕಟೆ ಸಿಕ್ಕಿದೆ.

ಆ ವರ್ಷ ಕಾಫಿ ಪಿಕಿಂಗ್ ಮುಗಿದ ಮೇಲೆ ಒಂದು ಜೊತೆ ಎತ್ತು ಹೊಡೆದುಕೊಂಡು ಮೂರ್ನಾಡಿನ ಹತ್ತಿರದ ಎಸ್ಟೇಟಿಗೆ ಹೋದೆ. ಅಲ್ಲಿಯ ರೈಟರು, ಅಂದರೆ ಹಾಜರಿ ಬರೆದು ಕೆಲಸ ನೋಡಿಕೊಳ್ಳುವವರು, ಸೈನ್ಯದ ಪಟ್ಟಾಳದಿಂದ ಪೆನ್ಶನ್ ಬಂದ ಹವಾಲ್ದಾರ್ ಬೆಳ್ಯಪ್ಪ. ನಾನು ಅಭ್ಯಾಸದಂತೆ ಟವಲು ಹಾಸಿ ಅವರ ಕೈ ಹಿಡಿದೆ. ಅವರು ಟವಲಿನ ಕಡೆ, ನನ್ನ ಕಡೆ, ಎತ್ತಿನ ಕಡೆ ನೋಡಿದರು.

"ಇದೆಂತ ಮಾರಾಯ, ನನಗೆ ಮದರಂಗಿ ಹಾಕ್ಲಿಕ್ಕೆ ಬಂದದ್ದಾ?"

"ಬೆಲೆ ಹೇಳ್ತಿದೀನಿ ಸಾರ್, ಬೆರಳಲ್ಲಿ."

"ಬಾಯಿ ಉಂಟಲ್ಲ ನಿನಗೆ, ಅದರಲ್ಲಿ ಹೇಳು."

ಬಾಯಲ್ಲಿ ಹೇಳಿದೆ. ಅವರು ಒಪ್ಪಿದರು. ಅಷ್ಟು ಬೇಗ ಒಪ್ಪಿದ್ದಕ್ಕೆ ನನಗೆ ಬೇಸರವೂ ಆಯಿತು. ಆದರೆ ಅವರು ಕೈ ಬಿಡಲಿಲ್ಲ. ಟವಲಿನ ಕೆಳಗೆ ನನ್ನ ಮಣಿಕಟ್ಟು ಹಿಚುಕಿ ನೋಡಿದರು, ನಾನು ಎತ್ತಿನ ತೊಡೆ ಹಿಚುಕುವ ಹಾಗೆಯೇ.

"ಜೋರುಂಟು ಈ ಕೈಯಲ್ಲಿ. ಹಿಡಿದರೆ ಬಿಡಲ್ಲ. ಆದರೆ ಕುಂಞಿ, ಇದಕ್ಕೆ ಹೋಗಿ ಬರ್ಲಿಕ್ಕೆ ಗೊತ್ತಿಲ್ಲ. ಬಾ, ಒಂದು ತಮಾಷೆ ತೋರಿಸ್ತೇನೆ."

ಕುಂಞಿ ಎಂದರೆ ಕೊಡವರ ಮಾತಿನಲ್ಲಿ ಮಗು. ಕಾಫಿ ಒಣಗಿಸುವ ಕಣದಲ್ಲಿ ಕೂಲಿಯಾಳುಗಳ ಲೈನುಮನೆಗಳ, ಅಕ್ಕಪಕ್ಕದ ಮನೆಗಳ ಏಳೆಂಟು ತರುಣರು ಗ್ಲೌಸು ಹಾಕಿಕೊಂಡು ನಿಂತಿದ್ದರು. ಹವಾಲ್ದಾರರು ಪಟ್ಟಾಳದಲ್ಲಿ ಕಲಿತ ಬಾಕ್ಸಿಂಗನ್ನು ಅವರಿಗೆ ಕಲಿಸುತ್ತಿದ್ದರು. ಹೊಡೆದಾಟ ನನಗೇನೂ ಹಿಡಿಸಲಿಲ್ಲ. ನಿಜ ಹೇಳುತ್ತೇನೆ, ನನ್ನ ಮನಸ್ಸು ತಿರುಗಿಸಿದ್ದು ಗ್ಲೌಸಲ್ಲ, ತಕ್ಕಡಿ.

ಕಣದ ಮೂಲೆಯಲ್ಲಿ ಕಾಫಿ ಮೂಟೆ ತೂಗುವ ದೊಡ್ಡ ತಕ್ಕಡಿಯಿತ್ತು. ಇಬ್ಬರನ್ನು ಎದುರುಬದುರು ನಿಲ್ಲಿಸುವ ಮೊದಲು ಹವಾಲ್ದಾರರು ಒಬ್ಬೊಬ್ಬನನ್ನೂ ಅದರ ಮೇಲೆ ಹತ್ತಿಸಿ, ಕಣ್ಣು ಕಿರಿದುಮಾಡಿ ಮುಳ್ಳು ನೋಡಿ, ರಾತಲಿನ, ಅಂದರೆ ಪೌಂಡಿನ, ಲೆಕ್ಕದಲ್ಲಿ ಕೂಗಿ ಹೇಳುತ್ತಿದ್ದರು. ತೂಕಕ್ಕೆ ತೂಕ ಕೂಡಿಬಂದರೆ ಮಾತ್ರ ಜೋಡಿ. ಎರಡು ಮೂಟೆಯವನಿಗೆ ಎರಡು ಮೂಟೆಯವನು, ಒಂದಕ್ಕೆ ಒಂದು. ನಾನು ನಿಂತಲ್ಲೇ ನಿಂತುಬಿಟ್ಟೆ. ಹುಟ್ಟಿದಾಗಿನಿಂದ ಎತ್ತು ತೂಗಿದ್ದೆ, ಕಿತ್ತಳೆ ತೂಗಿದ್ದೆ, ಕೊಳ್ಳುವವನ ಮುಖ ತೂಗಿದ್ದೆ. ನನ್ನನ್ನು ಯಾರೂ ತೂಗಿರಲಿಲ್ಲ.

"ನಾನೂ ಹತ್ತಲಾ ಸಾರ್?"

"ಹತ್ತು. ಮೊದಲು ಆ ಚಪ್ಪಲಿ ತೆಗಿ. ನಿನ್ನ ಚಪ್ಪಲಿಗೆ ಯಾರೂ ಜೋಡಿ ಇಲ್ಲ."

ಹತ್ತಿದೆ. ನೂರ ಇಪ್ಪತ್ತಾರು ರಾತಲು. ಹವಾಲ್ದಾರರು ಒಮ್ಮೆ ಕಣ ನೋಡಿ, ಮೂವರನ್ನು ಬೆರಳು ತೋರಿಸಿ ಕರೆದರು. ಮೂವರು! ನನ್ನ ತೂಕದವರು ಒಂದೇ ಕಣದಲ್ಲಿ ಮೂವರು ಇದ್ದರು. ಉಸ್ತಾದರಿಗೆ ನಾಲ್ಕು ವರ್ಷದಲ್ಲಿ ಎರಡು ರಾಜ್ಯಗಳಲ್ಲಿ ಒಬ್ಬನೂ ಸಿಕ್ಕಿರಲಿಲ್ಲ.

ಅದೇ ವಾರದಿಂದ ಕಲಿಯಲು ಹೋದೆ. ಸುಲಭವಾಗಿ ಬಂತೆಂದು ತಿಳಿಯಬೇಡಿ. ಕುಸ್ತಿಯವನ ಕಾಲು ನೆಲಕ್ಕೆ ಬೇರು ಬಿಡಲು ಹೇಳುತ್ತದೆ. ಹವಾಲ್ದಾರರು ಆ ಬೇರನ್ನು ದಿನಾ ಕೀಳುತ್ತಿದ್ದರು. ಕುಸ್ತಿಯವನು ಎದುರಾಳಿ ಹತ್ತಿರ ಬಂದರೆ ಹಬ್ಬ ಎಂದುಕೊಳ್ಳುತ್ತಾನೆ. ಇಲ್ಲಿ ಹತ್ತಿರ ಬಂದವನ ಕೈ ಮೊದಲೇ ಬಂದಿರುತ್ತದೆ. "ಗಾರ್ಡ್ ಮೇಲೆ! ಗಲ್ಲ ಒಳಗೆ! ಅವನನ್ನು ತಬ್ಬಬೇಡ, ಅವನು ನಿನ್ನ ಅತ್ತೆಮಗಳಲ್ಲ!" ಇದು ಹವಾಲ್ದಾರರ ನಿತ್ಯಮಂತ್ರ. ಎಡಗೈ ನೀಡಿ ಹಿಂದಕ್ಕೆಳೆದುಕೊಳ್ಳುವುದನ್ನು, ಬರೀ ಅದೊಂದನ್ನು, ಅವರು ನನಗೆ ಎರಡು ತಿಂಗಳು ಮಾಡಿಸಿದರು. ಕೊಟ್ಟು ವಾಪಸು ಪಡೆಯುವ ಈ ವಿದ್ಯೆ ವ್ಯಾಪಾರಿಯಾದ ನನಗೆ ಬೇಗ ಬರಬೇಕಿತ್ತು. ಕೊಡುವುದು ಬರುತ್ತಿತ್ತು, ವಾಪಸು ಬರುತ್ತಿರಲಿಲ್ಲ.

ಸುದ್ದಿ ಮೂರ್ನಾಡಿನಿಂದ ಕುಶಾಲನಗರಕ್ಕೆ ಬಸ್ಸಿಗಿಂತ ಮೊದಲೇ ತಲುಪುತ್ತಿತ್ತು. ಒಂದು ಬೆಳಿಗ್ಗೆ ಗರಡಿಗೆ ಹೋಗಿ ಬಾಗಿಲಲ್ಲಿ ಬಾಗಿದರೆ ಒಳಗಿನಿಂದ ಒಂದು ಗದೆ ಅಡ್ಡ ಬಂತು. ಗದೆಯ ಹಿಂದೆ ಉಸ್ತಾದರ ಕಾಲು ಕಾಣಿಸಿತು.

"ಎದ್ ನಿಂತ್ಕೊಳ್ಳಾ ಆಚೆಗೆ. ಮುಷ್ಟಿ ಬಿಗ್ದೋನ ಕೈ ನನ್ನ ಮಣ್ಣು ಮುಟ್ಟಂಗಿಲ್ಲ."

"ಉಸ್ತಾದ್, ಅದೂ ಒಂದು ವಿದ್ಯೆ. ಅಲ್ಲಿ ತೂಕ ನೋಡಿ ಜೋಡಿ ಕಟ್ತಾರೆ."

"ತೂಕ ನೋಡಿ ಕಟ್ಟೋದು ಬೆಲ್ಲ. ಪೈಲ್ವಾನನ್ನಲ್ಲ. ಲಂಗೋಟಿ ಬಿಚ್ಚಿ ಕೊಟ್ಬುಟ್ಟು ಹೋಗು. ನಾಳೆಯಿಂದ ನೀನು ಈ ಗರಡಿಯೋನು ಅಂತ ಎಲ್ಲೂ ಹೇಳ್ಕೋಬೇಡ."

ಒಳಗಿನಿಂದ ಭೈರ ನಕ್ಕಿದ್ದು ಕೇಳಿಸಿತು. ಅವನು ಕೆಟ್ಟವನಲ್ಲ, ಅವನಿಗೆ ನಗು ಬೇಗ ಬರುತ್ತಿತ್ತು. ಆದರೂ ನನಗೆ ಆ ನಗು ಕಿವಿಯ ಮುರಿದ ಜಾಗಕ್ಕೇ ಹೋಗಿ ಕೂತಿತು.

"ಲಂಗೋಟಿ ಕೊಡಲ್ಲ ಉಸ್ತಾದ್," ಎಂದೆ. "ನಾಲ್ಕು ವರ್ಷ ಜೋರು ಕೊಟ್ಟಿದೀನಿ. ಆ ನಾಲ್ಕು ವರ್ಷ ನೀವು ವಾಪಸು ಕೊಡಿ, ಇದು ನಾನು ಕೊಡ್ತೀನಿ."

ಗುರುವಿನ ಮುಂದೆ ಹೀಗೆ ಮಾತಾಡಬಾರದು. ಗೊತ್ತು. ನಮ್ಮಪ್ಪ ಆಮೇಲೆ ಅದನ್ನೇ ಹೇಳಿ ಎರಡು ದಿನ ನನ್ನ ಜೊತೆ ಮಾತು ಬಿಟ್ಟರು. ಊರಿನ ಹಿರಿಯರೊಬ್ಬರು ಕರೆದು, ಹೋಗಿ ಕಾಲು ಹಿಡಿ, ಎಂದರು. ಕಾಲು ಹಿಡಿಯುವುದು ನನಗೆ ಚೆನ್ನಾಗಿ ಬರುತ್ತದೆ, ಅದೊಂದು ಪಟ್ಟು. ಹಿಡಿದ ಮೇಲೆ ಎತ್ತಿ ಹಾಕಬೇಕಾಗುತ್ತದೆ, ಎಂದೆ. ಅವರೂ ಮಾತು ಬಿಟ್ಟರು.

ಆದರೆ ಒಂದನ್ನು ಒಪ್ಪಿಕೊಳ್ಳಬೇಕು. ಬೆಳಗಾದರೆ ಕಾಲು ತಾನಾಗಿ ಗರಡಿಯ ಕಡೆ ಹೊರಡುತ್ತಿತ್ತು. ಹವಾಲ್ದಾರರ ಕಣ ಗಾರೆಯದು, ಗಟ್ಟಿ. ಅದರಲ್ಲಿ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವಂಥದ್ದು ಏನೂ ಇರಲಿಲ್ಲ. ಬಾಕ್ಸಿಂಗು ನನ್ನ ಆಯ್ಕೆ. ಗರಡಿ ನನ್ನದು. ಒಂದನ್ನು ಆರಿಸಿಕೊಂಡವನು ಇನ್ನೊಂದನ್ನು ಯಾಕೆ ಕಳೆದುಕೊಳ್ಳಬೇಕು ಎಂಬುದು ನನಗೆ ಆಗಲೂ ಅರ್ಥವಾಗಲಿಲ್ಲ, ಈಗಲೂ ಆಗಿಲ್ಲ. ಆ ಮಣ್ಣನ್ನು ಹಕ್ಕಿನಿಂದ ಮತ್ತೆ ಮುಟ್ಟಬೇಕು, ಕಾಲು ಹಿಡಿದಲ್ಲ, ಎಂದು ತೀರ್ಮಾನಿಸಿದೆ.

ಆ ವರ್ಷ ಮಡಿಕೇರಿಯ ಮೈದಾನದಲ್ಲಿ ನಿವೃತ್ತ ಸೈನಿಕರು ಸೇರಿ ಪಂದ್ಯ ಇಟ್ಟರು. ಮರದ ಹಲಗೆ ಜೋಡಿಸಿ, ಮೇಲೆ ಟಾರ್ಪಾಲು ಹಾಸಿ, ಸುತ್ತ ಹಗ್ಗ ಕಟ್ಟಿದ ರಿಂಗು. ಗಂಟೆಯ ಬದಲು ಎಸ್ಟೇಟಿನಲ್ಲಿ ಆಳುಗಳನ್ನು ಕರೆಯಲು ಬಡಿಯುವ ಕಬ್ಬಿಣದ ತುಂಡನ್ನು ಹವಾಲ್ದಾರರೇ ತಂದಿದ್ದರು. ನನಗೆ ಜೋಡಿ ಬಾಳೆಲೆ ಊರಿನ ಪೊನ್ನಪ್ಪ. ನೂರ ಇಪ್ಪತ್ತೇಳು ರಾತಲು; ನನಗಿಂತ ಒಂದೇ ಒಂದು ಹೆಚ್ಚು. ಕುಶಾಲನಗರದಿಂದ ಒಂದು ಬಸ್ಸು ತುಂಬ ಜನ ಬಂದಿದ್ದರು, ಅರ್ಧ ಜನ ನಾನು ಗೆಲ್ಲಲೆಂದು, ಅರ್ಧ ಜನ ನನಗೆ ತಕ್ಕದ್ದಾಗಲೆಂದು. ನಾನು ಚಡ್ಡಿಯೊಳಗೆ ಕೆಂಪು ಲಂಗೋಟಿ ಕಟ್ಟಿದ್ದೆ.

ಕಬ್ಬಿಣ ಢಣ್ ಎಂದಿತು. ನಾನು ಏನು ಮಾಡಿದೆ ಗೊತ್ತೇ? ಬಾಗಿದೆ. ಟಾರ್ಪಾಲು ಮುಟ್ಟಿ ಗ್ಲೌಸನ್ನು ಕಣ್ಣಿಗೆ ಒತ್ತಿಕೊಂಡೆ. ಕುಸ್ತಿಯಲ್ಲಿ ಎದುರಾಳಿಯೂ ಅದನ್ನೇ ಮಾಡುತ್ತಿರುತ್ತಾನೆ. ಬಾಕ್ಸಿಂಗಿನಲ್ಲಿ ಅವನು ಬೇರೆ ಕೆಲಸ ಮಾಡುತ್ತಿರುತ್ತಾನೆ. ಪೊನ್ನಪ್ಪನ ಬಲಗೈ ಬಂದು ನನ್ನ ಹಳೆಯ ಕಿವಿಯ ಮೇಲೆ ಬಿತ್ತು. ತಲೆಯೊಳಗೆ ಇನ್ನೊಂದು ಕಬ್ಬಿಣ ಬಡಿಯಿತು. ಎರಡು ತಿಂಗಳ ಎಡಗೈ, ಗಲ್ಲ, ಗಾರ್ಡು ಎಲ್ಲ ಮರೆತುಹೋಗಿ ನಾಲ್ಕು ವರ್ಷದ ಮೈ ಎದ್ದಿತು. ಅವನ ಕಂಕುಳಿಗೆ ಕೈ ತೂರಿಸಿದೆ, ಸೊಂಟ ಕೊಟ್ಟೆ, ಎತ್ತಿ ಒಗೆದೆ. ಪೊನ್ನಪ್ಪ ಬೆನ್ನ ಮೇಲೆ ಬಿದ್ದು ಆಕಾಶ ನೋಡುತ್ತಿದ್ದ. ಆಕಾಶ ನೋಡಿದನೆಂದರೆ ಕುಸ್ತಿ ಮುಗಿಯಿತು. ಕುಶಾಲನಗರದವರು ಶಿಳ್ಳೆ ಹೊಡೆದರು. ನಾನು ತೊಡೆ ತಟ್ಟಿ, ಎರಡೂ ಗ್ಲೌಸು ಜೋಡಿಸಿ, ಗೆದ್ದ ಪೈಲ್ವಾನ ಇನಾಮು ಕೇಳುವ ಹಾಗೆ ಹಗ್ಗದ ಸುತ್ತ ಹೊರಟೆ. ನಮ್ಮೂರಿನವರೊಬ್ಬರು ಭಾವಾವೇಶದಲ್ಲಿ ತಮ್ಮ ರುಮಾಲು ಬಿಚ್ಚಿ ನನ್ನ ತಲೆಗೆ ಸುತ್ತಿಯೂಬಿಟ್ಟರು.

ತಿರುಗಿ ನೋಡಿದರೆ ರೆಫರಿ ಪೊನ್ನಪ್ಪನನ್ನು ಎಬ್ಬಿಸಿ ಅವನ ಕೈ ಎತ್ತಿಹಿಡಿದಿದ್ದ.

ಮೈದಾನಕ್ಕೆ ಮೈದಾನವೇ ನಕ್ಕಿತು. ಕೊಡಗು ಸಣ್ಣ ರಾಜ್ಯ ಸ್ವಾಮಿ. ಒಂದು ಮೈದಾನ ನಕ್ಕರೆ ರಾಜ್ಯವೇ ನಕ್ಕ ಹಾಗೆ. ತಲೆಯ ಮೇಲೆ ರುಮಾಲು ಹೊತ್ತು ನಿಂತ ನನಗೆ ಜನರ ನಡುವೆ ಹಿಂದುಗಡೆ ನಿಂತಿದ್ದ ಒಂದು ದೊಡ್ಡ ಆಕೃತಿ ಕಾಣಿಸಿತು. ಉಸ್ತಾದ್ ಮರಿಯಪ್ಪ. ಅವರು ನಗಲಿಲ್ಲ. ರುಮಾಲು ವಾಪಸು ಕೊಟ್ಟು ಕೆಳಗಿಳಿದಾಗ ಹತ್ತಿರ ಬಂದು ಹೇಳಿದರು:

"ಅದೂ ಇಲ್ಲ, ಇದೂ ಇಲ್ಲ. ಎರಡನ್ನೂ ಕೆಡಿಸ್ದೆ. ಲಂಗೋಟಿ ಕೊಡು."

"ಕೊಡಲ್ಲ."

ಅವರು ಹೋದರು. ಹವಾಲ್ದಾರರು ನನ್ನ ಗ್ಲೌಸಿನ ಲೇಸು ಬಿಚ್ಚುತ್ತ ಕೇಳಿದರು, "ಎಂತ, ಬಿಡ್ತೀಯಾ?" ಅವರ ದನಿಯಲ್ಲಿ ಕರುಣೆಯಿದ್ದದ್ದರಿಂದ ನನಗೆ ರೇಗಿತು. "ಇನ್ನೊಂದ್ಸಲ ತೂಗಿ," ಎಂದೆ.

ಒಂದು ವರ್ಷ. ಅದರ ಕಥೆ ಹೇಳಲು ಏನೂ ಇಲ್ಲ. ಎಡಗೈ ಹೋಯಿತು, ಬಂತು, ಹೋಯಿತು, ಬಂತು. ಎತ್ತು ಮಾರಿ ಬಂದ ದಿನವೂ, ಜ್ವರದ ದಿನವೂ. ಪೊನ್ನಪ್ಪನೇ ಬಾಳೆಲೆಯಿಂದ ಬಸ್ಸು ಹತ್ತಿ ಬಂದು ನನ್ನ ಜೊತೆ ಅಭ್ಯಾಸ ಮಾಡುತ್ತಿದ್ದ. "ನೀ ನನ್ನ ಎತ್ತಿ ಹಾಕಿದ್ದು ನಮ್ಮ ಊರಲ್ಲಿ ಇನ್ನೂ ಹೇಳ್ತಾರೆ ಗೊತ್ತುಂಟಾ, ಗೆದ್ದದ್ದು ನಾನು, ಹೆಸರು ನಿಂದು," ಎಂದು ಅವನ ದೂರು. ಆ ಲೆಕ್ಕ ಸರಿಮಾಡಿಕೊಳ್ಳಲು ಅವನಿಗೂ ಇನ್ನೊಂದು ಪಂದ್ಯ ಬೇಕಿತ್ತು.

ಮರುವರ್ಷ ಅದೇ ಮೈದಾನ, ಅದೇ ಹಲಗೆ, ಅದೇ ಪೊನ್ನಪ್ಪ. ಈ ಸಲ ಕಬ್ಬಿಣ ಬಡಿಯುವ ಮೊದಲೇ ಬಾಗಿ ಟಾರ್ಪಾಲು ಮುಟ್ಟಿದೆ. ಜನ ಮತ್ತೆ ನಕ್ಕರು. ನಗಲಿ, ಅದನ್ನು ಬಿಡುವುದಿಲ್ಲ ಎಂದು ಮೊದಲೇ ಹವಾಲ್ದಾರರಿಗೆ ಹೇಳಿದ್ದೆ. ಮೂರು ಸುತ್ತು ಆಡಿದೆವು. ಎರಡನೆಯ ಸುತ್ತಿನಲ್ಲಿ ಮೂಗಿನೊಳಗೆ ಏನೋ ಕಡ್ಡಿ ಮುರಿದ ಹಾಗೆ ಸದ್ದಾಗಿ ಬಾಯಿಗೆ ಉಪ್ಪು ಬಂತು. ಅವನು ತೀರಾ ಹತ್ತಿರವಿದ್ದ, ಕಂಕುಳು ತೆರೆದಿತ್ತು, ಒಂದು ಸೊಂಟ ಕೊಟ್ಟರೆ ಸಾಕಿತ್ತು. ನನ್ನ ಎರಡೂ ಕೈಗಳು ಅದನ್ನು ಕೇಳಿದವು. ಕೊಡಲಿಲ್ಲ. ಎಡಗೈ ನೀಡಿದೆ, ಹಿಂದಕ್ಕೆಳೆದುಕೊಂಡೆ. ಕೊನೆಯ ಸುತ್ತಿನ ಕೊನೆಯವರೆಗೂ ಅವನನ್ನು ಒಮ್ಮೆಯೂ ಹಿಡಿಯಲಿಲ್ಲ.

ಸೋತೆ. ಅಂಕಗಳ ಮೇಲೆ, ಕೂದಲೆಳೆಯಲ್ಲಿ. ಇದನ್ನು ಬರೆಯಲು ನನಗೆ ಸಂಕೋಚವಿಲ್ಲ. ಗೆದ್ದೆ ಎಂದು ಬರೆದಿದ್ದರೂ ನಿಮಗೆ ಗೊತ್ತಾಗುತ್ತಿರಲಿಲ್ಲ, ಆದರೆ ಪೊನ್ನಪ್ಪ ಇನ್ನೂ ಬದುಕಿದ್ದಾನೆ.

ಆ ಸಂಜೆ ಹವಾಲ್ದಾರರ ಹತ್ತಿರ ಗ್ಲೌಸಿನ ಜೋಡಿ ನನಗೆ ಬೇಕು ಎಂದೆ. ಪಟ್ಟಾಳದಿಂದ ತಂದ ಜೋಡಿ ಅದು. ನನಗೆ ಗೊತ್ತಿದ್ದ ಎಲ್ಲ ಚೌಕಾಸಿ ವಿದ್ಯೆ ಖರ್ಚು ಮಾಡಿದೆ. ಅವರು ಎಡಗೈಯದನ್ನು ಮಾತ್ರ ಬಿಚ್ಚಿ ಕೊಟ್ಟರು. "ಇದು ನೀ ಸಂಪಾದಿಸಿದ್ದು. ನಿನ್ನ ಬಲಗೈ ಇನ್ನೂ ಎತ್ತಿನ ದಲ್ಲಾಳಿದೇ." ಅರ್ಧ ಮಾಲು ಪಡೆದು ತೃಪ್ತನಾಗಿ ಬಂದದ್ದು ನನ್ನ ಜೀವನದಲ್ಲಿ ಅದೊಂದೇ ವ್ಯಾಪಾರ.

ಮಾರನೆಯ ಬೆಳಿಗ್ಗೆ, ಊದಿದ ಮೂಗು ಹೊತ್ತು, ಕಂಕುಳಲ್ಲಿ ಗ್ಲೌಸು ಇಟ್ಟುಕೊಂಡು ಗರಡಿಯ ಬಾಗಿಲಿಗೆ ಹೋದೆ. ಒಳಗೆ ಗದೆ ಬೀಸುವ ಸದ್ದು ನಿಂತಿತು. ಉಸ್ತಾದರು ಬಂದು ಬಾಗಿಲ ಒಳಗಡೆ ಕುಕ್ಕರಗಾಲಲ್ಲಿ ಕೂತರು. ನಾನು ಹೊರಗಡೆ ಕೂತೆ. ಮಧ್ಯೆ ಆ ಗಿಡ್ಡ ಬಾಗಿಲು.

"ಗೆದ್ದೇನ್ಲಾ?"

"ಸೋತೆ."

"ಮತ್ತೇನು ಮುಖ ಇಟ್ಕೊಂಡು ಬಂದೆ?"

"ಇದೇ ಮುಖ." ಮೂಗು ತೋರಿಸಿದೆ. "ಉಸ್ತಾದ್, ನನ್ನ ತೂಕದೋನ ಕೈಲಿ ಸೋತೆ. ಹಿಡೀದೆ ಸೋತೆ. ಈ ಸೋಲು ನಂದು. ಇಲ್ಲಿ ನಾಲ್ಕು ವರ್ಷ ದಿನಾ ಭೈರನ ಕೆಳಗೆ ಬಿದ್ನಲ್ಲ, ಅದರಲ್ಲಿ ಒಂದು ಸೋಲಾದ್ರೂ ನಂದು ಅಂತ ಇತ್ತಾ? ಎಲ್ಲ ಅವನ ಗೆಲುವಿನ ಖರ್ಚು."

ಒಳಗೆ ಭೈರ ಈ ಸಲ ನಗಲಿಲ್ಲ.

"ಮುಷ್ಟಿ ಬಿಗಿಯೋದು ಬಿಡಲ್ಲ," ಎಂದೆ. "ಕಾಲಿಗೆ ಬೀಳಕ್ಕೂ ಬಂದಿಲ್ಲ. ನನ್ನ ಮಣ್ಣು ಮುಟ್ಟಿ ಹೋಗಕ್ಕೆ ಬಂದೆ."

"ನಿನ್ನ ಮಣ್ಣಾ?"

"ನಾಲ್ಕು ವರ್ಷ ತಿಂದಿದೀನಿ."

ಉಸ್ತಾದರು ನನ್ನ ಕಿವಿ ನೋಡಿದರು, ಮೂಗು ನೋಡಿದರು. ನನ್ನ ಬಲಗೈ ಮೊಣಕಾಲಿನ ಮೇಲೆ ಬಿಗಿದುಕೊಂಡಿತ್ತು, ನನಗೇ ತಿಳಿಯದೆ. ಅವರು ಅದನ್ನು ನೋಡಿದರು.

"ಬಿಗ್ದ ಕೈಗೆ ಮಣ್ಣು ಬರಕಿಲ್ಲ ಕಣ್ಲಾ. ಬಿಚ್ಚು."

ಬಿಚ್ಚಿದೆ. ಬಾಗಿಲ ಒಳಗೆ ಕೈ ಚಾಚಿದೆ. ಅವರು ಗದೆ ಅಡ್ಡ ಇಡಲಿಲ್ಲ. ಸರಿದು ಜಾಗವನ್ನೂ ಬಿಡಲಿಲ್ಲ. ಅವರ ಕಾಲ ಪಕ್ಕದಿಂದಲೇ ಒಂದು ಹಿಡಿ ಮಣ್ಣು ತೆಗೆದುಕೊಂಡೆ. ಕಣ್ಣಿಗೆ ಒತ್ತಿಕೊಂಡೆ. ಆಮೇಲೆ ಅವರು ನೋಡುತ್ತಿದ್ದ ಹಾಗೆಯೇ ಅದರ ಮೇಲೆ ಮುಷ್ಟಿ ಬಿಗಿದು ಎದ್ದು ನಿಂತೆ.

ಹೊರಟಾಗ ಹಿಂದಿನಿಂದ ಕರೆದರು.

"ಏಯ್ ಪುಟ್ಟ. ಲಂಗೋಟಿ?"

"ಕೊಡಲ್ಲ ಉಸ್ತಾದ್."

"ಒಗೆದಿದ್ದೀಯೇನ್ಲಾ ಅದನ್ನ?"

"ಇಲ್ಲ."

"ಒಗಿ. ಗರಡಿ ಮರ್ಯಾದೆ ಕಳೀಬೇಡ."

ದಾರಿಯಲ್ಲಿ ಗ್ಲೌಸಿನ ಹೆಬ್ಬೆರಳ ಸಂದಿಯ ಹೊಲಿಗೆ ಸ್ವಲ್ಪ ಬಿಟ್ಟಿದ್ದನ್ನು ಇನ್ನಷ್ಟು ಬಿಡಿಸಿ ಮಣ್ಣನ್ನು ಅದರೊಳಗೆ ಸುರಿದೆ. ಕುಶಾಲನಗರದ ಚಪ್ಪಲಿ ಹೊಲಿಯುವವನ ಕೈಲಿ ಹೊಲಿಸಿದೆ. ಒಳಗೇನು ಎಂದು ಅವನು ಕೇಳಲಿಲ್ಲ. ಜಾಣ. ಆ ಹೊಲಿಗೆ ಮೂವತ್ತಕ್ಕೂ ಹೆಚ್ಚು ವರ್ಷ ಬಂತು. ಹಳೆಯ ಸಾಮಾನು ಕೊಳ್ಳುವಾಗ ಚರ್ಮ ನೋಡಬೇಡಿ, ಹೊಲಿಗೆ ನೋಡಿ. ಇದು ಕೊನೆಯ ಬುದ್ಧಿಮಾತು.

ಮತ್ತೆ ರಿಂಗಿಗೆ ಎಷ್ಟು ಸಲ ಹತ್ತಿದೆ, ಎಷ್ಟು ಸಲ ನನ್ನ ಕೈ ಎತ್ತಿದರು ಎಂಬುದು ಈ ಮಾತಿಗೆ ಸೇರಿದ್ದಲ್ಲ. ಕೊಡಗು ಮೈಸೂರಿಗೆ ಸೇರಿತು. ಸೇತುವೆಯ ಆಚೆಈಚೆ ಒಂದೇ ಆಗಿ ನನ್ನ ಅಂತರರಾಜ್ಯ ವ್ಯಾಪಾರ ಮುಗಿಯಿತು. ನಾನು ಮೂರ್ನಾಡಿಗೆ ಬಂದು ಅಂಗಡಿ ಹಾಕಿದೆ, ತಕ್ಕಡಿ ಇಟ್ಟುಕೊಂಡೆ. ನನ್ನ ತಕ್ಕಡಿಯನ್ನು ಇವತ್ತಿಗೂ ಯಾರೂ ಅನುಮಾನಿಸಿಲ್ಲ. ಉಳಿದದ್ದರಲ್ಲೆಲ್ಲ ಅನುಮಾನಿಸುತ್ತಾರೆ, ಅದು ಸರಿಯೇ.

ಜಗಲಿಯಲ್ಲಿ ದಬ್ಬಳಕ್ಕೆ ದಾರ ಪೋಣಿಸಿಕೊಂಡು ಕೂತಿದ್ದಾಗ ದೇವಕಿ ಬಂದಳು. ಒಲೆಯ ಬದಿಯಲ್ಲಿ ಚೆಲ್ಲಿದ್ದ ಮಣ್ಣನ್ನು ಗುಡಿಸಿ ಒಂದು ಕಾಗದದ ಚೂರಿನಲ್ಲಿ ತಂದಿದ್ದಳು. ಬೈದುಕೊಂಡೇ ತಂದಿದ್ದಳು, ಆದರೆ ಎಸೆದಿರಲಿಲ್ಲ. ನಾನು ಅದನ್ನು ಹೆಬ್ಬೆರಳ ಸಂದಿಯೊಳಗೆ ಸುರಿಯುವುದನ್ನು ನಿಂತು ನೋಡಿದಳು.

"ಮಣ್ಣು ತುಂಬಿಯೇ ಹೊಲಿಯೊಕಾ ನಿಮಗೆ?"

"ಹೌದು."

"ಮತ್ತೆ ಬಿಚ್ಚಿ ಅನ್ನಕ್ಕೆ ಬಿದ್ದರೆ ಏನ್ ಮಾಡ್ದು?"

"ನನ್ನ ತಟ್ಟೆಗೆ ಬಡಿಸು," ಎಂದೆ. "ನಾಲ್ಕು ವರ್ಷ ತಿಂದವನಿಗೆ ಒಂದು ಚಿಟಿಕೆ ಹೆಚ್ಚಾಗಲ್ಲ."

ನಾನು ಹೊಲಿದು ದಾರ ಕತ್ತರಿಸಿದ ಮೇಲೆ ಅವಳು ಗ್ಲೌಸನ್ನು ಕೈಗೆ ಹಾಕಿಕೊಂಡು, ಹೊಲಿಗೆ ಗಟ್ಟಿಯಿದೆಯೇ ಎಂದು ಒಳಗೆ ಮುಷ್ಟಿ ಬಿಗಿದು ನೋಡಿ, ಒಲೆಯ ಕಡೆಗೆ ಹೋದಳು.